ಗೊಣಗುವ ಬಾತುಕೋಳಿ, ಗೊಣಗಾಟ ಸಹಿಸದ ಧಣಿ

2018ರ ಮೇ 11ರ ಸಂಜೆ. ಮರುದಿನ ರಾಜ್ಯ ವಿಧಾನಸಭೆಗೆ ಮತದಾನ. ಗಂಗಾವತಿ ಕ್ಷೇತ್ರಕ್ಕೆ ಸೇರಿದ ಸಾಣಾಪುರದ ಮತಗಟ್ಟೆಯನ್ನು ನೋಡಿಬರಲು ನಾನು ಹೋದಾಗ, ಊರಿನ ಸುತ್ತಲಿನ ಬಂಡೆಗುಡ್ಡಗಳು ಹಗಲೆಲ್ಲ ಹೀರಿಕೊಂಡಿದ್ದ ಬಿಸಿಲನ್ನು ಹೊತ್ತು ಮುಳುಗಿದ ಮೇಲೂ ಹೊರಸೂಸುತ್ತಿದ್ದವು. ಮತಯಂತ್ರ, ವಿವಿಪ್ಯಾಟ್ ಪೆಟ್ಟಿಗೆ, ಅರಗು, ಲಕೋಟೆಗಳ ಕಟ್ಟಿನೊಂದಿಗೆ ಆಗಲೇ ಬಂದಿಳಿದಿದ್ದ ಸಿಬ್ಬಂದಿ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದರು. ಅವರಲ್ಲಿ ತಾವಾಗಿ ಬಯಸಿ ಬಂದವರು ಒಬ್ಬರೂ ಇರಲಿಲ್ಲ. ಚುನಾವಣಾ ಕರ್ತವ್ಯದ ಆದೇಶ ಕೈಸೇರಿದ ಮರುದಿನವೇ ವಿನಾಯಿತಿ ಕೋರಿ ಅರ್ಜಿ ಬರೆದವರೇ ಹೆಚ್ಚು. ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಸೊಂಟನೋವು, ಮತ್ತೊಬ್ಬರಿಗೆ ಅದೇ ದಿನ ಸೋದರ ಸೊಸೆಯ ಮದುವೆ. ಆ ತಿಂಗಳು ಇಂಥ ಅರ್ಜಿಗಳನ್ನು ಲೆಕ್ಕವಿಲ್ಲದಷ್ಟು ಓದಿ, ಬಹುಪಾಲನ್ನು ತಿರಸ್ಕರಿಸಿದ್ದ ಅಧಿಕಾರಿಗಳಲ್ಲಿ ನಾನೂ ಒಬ್ಬ.

ಕತ್ತಲಾಗುವ ಹೊತ್ತಿಗೆ ಒಬ್ಬ ಯುವ ಗುಮಾಸ್ತ ತನ್ನ ಮೊಬೈಲಿನಲ್ಲಿ ಏನನ್ನೋ ಹಚ್ಚಿದ. ನಾಲ್ಕೈದು ತಲೆಗಳು ಅದರ ಮೇಲೆ ಬಾಗಿದವು, ನಗು ಕೇಳಿಸಿತು. ನನ್ನನ್ನು ಕಂಡು ಎಲ್ಲರೂ ಸುಮ್ಮನಾದರು. ನನಗೂ ತೋರಿಸಿ ಎಂದು ಕೇಳಿ ಪಡೆದು ನೋಡಿದೆ. ನಾವಿಕನ ಅಂಗಿ ತೊಟ್ಟ ಒಂದು ಬಾತುಕೋಳಿ. ಅದರ ಹೆಸರಿಗೆ ಸರ್ಕಾರದ ಆದೇಶವೊಂದು ಬಂದಿದೆ: ಸೈನ್ಯಕ್ಕೆ ಹಾಜರಾಗತಕ್ಕದ್ದು. ಇದು ನಮ್ಮ ಚುನಾವಣಾ ಡ್ಯೂಟಿ ಆರ್ಡರೇ ಸರ್ ಎಂಬರ್ಥದಲ್ಲಿ ಆ ಹುಡುಗ ಏನೋ ಹೇಳಿದ. ಆದೇಶ ಪಡೆದವರು ನಕ್ಕರು, ಆದೇಶ ಹೊರಡಿಸಿದವನಾದ ನಾನೂ ನಕ್ಕೆ.

ಅದು 1942ರ ಮೇ 1ರಂದು ಅಮೆರಿಕದಲ್ಲಿ ಬಿಡುಗಡೆಯಾದ 'ಡೊನಾಲ್ಡ್ ಗೆಟ್ಸ್ ಡ್ರಾಫ್ಟೆಡ್' ಎಂಬ, ಹತ್ತು ನಿಮಿಷಕ್ಕೂ ಕಡಿಮೆ ಅವಧಿಯ ಕಾರ್ಟೂನ್ ಚಿತ್ರ. ತಯಾರಿಸಿದವರು ವಾಲ್ಟ್ ಡಿಸ್ನಿ. ನಿವೃತ್ತನಾದ ಮೇಲೆ ಬಿಡುವು ದೊರೆತಾಗ ಡಿಸ್ನಿಯವರ ಬದುಕನ್ನು ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಕ್ಕಳ ಮನರಂಜನೆಯ ಸಾಮ್ರಾಟನೆಂದೇ ನಾವು ಬಲ್ಲ ಈ ವ್ಯಕ್ತಿಯ ಜೀವನದಲ್ಲಿ, ಆಡಳಿತದಲ್ಲಿ ತೊಡಗಿದವರೆಲ್ಲ ಯೋಚಿಸಬೇಕಾದ ಒಂದು ಪ್ರಶ್ನೆ ಅಡಗಿದೆ ಎಂದು ನನಗೆ ಅನ್ನಿಸಿದೆ. ಒಲ್ಲದ ಮನಸ್ಸಿನವರಿಂದ ಕೆಲಸ ಪಡೆಯುವುದು ಹೇಗೆ? ಅವರ ಒಲ್ಲದ ಮನಸ್ಸನ್ನು ಏನು ಮಾಡಬೇಕು?

ವಾಲ್ಟ್ ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಷಿಕಾಗೊದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ತಂದೆ ಕೈಹಾಕಿದ ಯಾವ ಉದ್ಯೋಗವೂ ಬಹುಕಾಲ ನಿಲ್ಲಲಿಲ್ಲ. 1906ರಲ್ಲಿ ಕುಟುಂಬ ಮಿಸೌರಿ ರಾಜ್ಯದ ಮಾರ್ಸೆಲೀನ್ ಎಂಬ ಪುಟ್ಟ ಊರಿನ ಹೊಲಮನೆಗೆ ಹೋಯಿತು. ಬೇಸಾಯವೂ ಕೈಹಿಡಿಯದೆ 1911ರಲ್ಲಿ ಕಾನ್ಸಾಸ್ ನಗರಕ್ಕೆ ಬಂತು. ಅಲ್ಲಿ ಎಲಿಯಾಸ್ ಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು. ಹತ್ತು ವರ್ಷದ ವಾಲ್ಟ್ ಮತ್ತು ಅಣ್ಣ ರಾಯ್ ಬೆಳಗಿನ ಜಾವ ಎದ್ದು, ಹಿಮ ಬೀಳುವ ದಿನಗಳಲ್ಲೂ ಮನೆಮನೆಗೆ ಪತ್ರಿಕೆ ಹಾಕಬೇಕಿತ್ತು. ಈ ದುಡಿಮೆಗೆ ತಂದೆ ಮಗನಿಗೆ ಕೂಲಿ ಕೊಡುತ್ತಿರಲಿಲ್ಲ. ಎಲಿಯಾಸ್ ಸಮಾಜವಾದಿ ವಿಚಾರಗಳ ಬಗ್ಗೆ ಒಲವುಳ್ಳವರಾಗಿದ್ದರು ಎಂಬುದು ಇಲ್ಲಿ ಗಮನಾರ್ಹ. ಮನೆಯೊಳಗೆ ಮಾತ್ರ ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಬಲವಂತದ ದುಡಿಮೆಯ ರುಚಿಯನ್ನು ವಾಲ್ಟ್ ಬಾಲ್ಯದಲ್ಲೇ ಕಂಡವರು.

ಆದರೆ ಸೈನ್ಯದ ವಿಷಯದಲ್ಲಿ ಅವರದು ಬಲವಂತವಲ್ಲ, ಹಂಬಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ರಾಯ್ ನೌಕಾಪಡೆ ಸೇರಿದರು. ಷಿಕಾಗೊಕ್ಕೆ ಮರಳಿದ್ದ ವಾಲ್ಟ್ ಶಾಲೆಯ ಪತ್ರಿಕೆಗೆ ಯುದ್ಧೋತ್ಸಾಹದ ಚಿತ್ರಗಳನ್ನು ಬರೆಯುತ್ತಿದ್ದರು. ಸೈನ್ಯ ಸೇರುವ ವಯಸ್ಸು ಆಗಿರಲಿಲ್ಲ. ರೆಡ್‌ಕ್ರಾಸ್‌ನ ಆಂಬುಲೆನ್ಸ್ ದಳಕ್ಕೆ ಹದಿನೇಳಾದರೆ ಸಾಕಿತ್ತು, ಇವರಿಗೆ ಹದಿನಾರು. ತಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದರು. ತಾಯಿ ಇಬ್ಬರ ಹೆಸರನ್ನೂ ತಾವೇ ಬರೆದುಕೊಟ್ಟರು. ಮಗ ಜನ್ಮವರ್ಷದ ಕೊನೆಯ ಅಂಕಿಯನ್ನು ತಿದ್ದಿ 1900 ಮಾಡಿಕೊಂಡರು. ತರಬೇತಿಯ ಕಾಲದಲ್ಲಿ 1918ರ ಮಹಾಮಾರಿಯಾದ ಇನ್‌ಫ್ಲುಯೆಂಜಾ ಬಡಿದು ಮನೆಗೆ ಬಂದರು. ಗುಣಮುಖರಾಗಿ ಫ್ರಾನ್ಸ್ ತಲುಪುವಷ್ಟರಲ್ಲಿ ಯುದ್ಧವಿರಾಮ ಘೋಷಣೆಯಾಗಿತ್ತು. ಸುಮಾರು ಒಂದು ವರ್ಷ ಅವರು ಅಲ್ಲಿ ಆಂಬುಲೆನ್ಸು, ಲಾರಿಗಳನ್ನು ಓಡಿಸಿದರು, ಅಧಿಕಾರಿಗಳನ್ನು ಅಲ್ಲಿಂದಿಲ್ಲಿಗೆ ಒಯ್ದರು, ವಾಹನದ ಹೊದಿಕೆಯ ಮೇಲೆ ಚಿತ್ರ ಬರೆದರು. ಗುಂಡಿನ ಸದ್ದು ಕೇಳದೆ 1919ರಲ್ಲಿ ಮರಳಿದರು. ಸುಳ್ಳು ವಯಸ್ಸು ಬರೆದು ಯುದ್ಧಕ್ಕೆ ಓಡಿದ ಹುಡುಗನೇ ಮುಂದೆ ಸೈನ್ಯಕ್ಕೆ ಹೋಗಲೊಲ್ಲದ ಸಿಪಾಯಿಯ ಕಥೆಯನ್ನು ಜಗತ್ತಿಗೆ ಕೊಟ್ಟದ್ದು ಒಂದು ಸೋಜಿಗ.

ಅನಂತರದ ಇಪ್ಪತ್ತು ವರ್ಷಗಳ ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ. ಕಾನ್ಸಾಸ್ ನಗರದಲ್ಲಿ ಕಟ್ಟಿದ ಮೊದಲ ಚಿತ್ರಸಂಸ್ಥೆ 1923ರಲ್ಲಿ ದಿವಾಳಿಯಾಯಿತು. ಹಾಲಿವುಡ್‌ಗೆ ಹೋಗಿ ಅಣ್ಣ ರಾಯ್ ಜೊತೆ ಮತ್ತೆ ಆರಂಭಿಸಿದರು. 1928ರಲ್ಲಿ, ತಾವು ಜನಪ್ರಿಯಗೊಳಿಸಿದ ಆಸ್ವಾಲ್ಡ್ ಎಂಬ ಮೊಲದ ಪಾತ್ರದ ಹಕ್ಕು ವಿತರಕರ ಪಾಲಾದಾಗ ಪೆಟ್ಟು ತಿಂದು, ಗೆಳೆಯ ಅಬ್ ಐವರ್ಕ್ಸ್ ಜೊತೆ ಸೇರಿ ಮಿಕ್ಕಿ ಮೌಸ್‌ನನ್ನು ರೂಪಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ತೆರೆಕಂಡ 'ಸ್ಟೀಮ್‌ಬೋಟ್ ವಿಲ್ಲಿ' ಅವರ ಭಾಗ್ಯದ ಬಾಗಿಲು ತೆರೆಯಿತು. 1934ರಲ್ಲಿ ಡೊನಾಲ್ಡ್ ಎಂಬ ಬಾತುಕೋಳಿ ಮೊದಲ ಬಾರಿಗೆ ಕಾಣಿಸಿಕೊಂಡ. ಕ್ಲಾರೆನ್ಸ್ ನ್ಯಾಷ್ ಎಂಬ ಕಲಾವಿದ ಅವನಿಗೆ ಅರ್ಥವಾಗಿಯೂ ಆಗದ ಆ ವಿಚಿತ್ರ ಕಂಠ ಕೊಟ್ಟರು. ಮಿಕ್ಕಿ ಸಭ್ಯನಾಗುತ್ತ ಹೋದಂತೆ ಜನ ಡೊನಾಲ್ಡ್‌ನ ಕಡೆ ವಾಲಿದರು. ಮಿಕ್ಕಿಗೆ ಸಿಟ್ಟು ಬರಬಾರದು, ಡೊನಾಲ್ಡ್‌ಗೆ ಬರುವುದೇ ಸಿಟ್ಟು. ಬಡಪಾಯಿಯ, ಕೈಲಾಗದವನ, ಆದರೂ ಸುಮ್ಮನಿರದವನ ಸಿಟ್ಟು. 1937ರ ಡಿಸೆಂಬರ್‌ನಲ್ಲಿ ಬಂದ 'ಸ್ನೋ ವೈಟ್' ಗಳಿಸಿದ ಹಣದಿಂದ ಬರ್‌ಬ್ಯಾಂಕ್‌ನಲ್ಲಿ ಹೊಸ ಸ್ಟುಡಿಯೊ ಎದ್ದಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಆ ಸ್ಟುಡಿಯೊ ಒಂದು ಕಾರ್ಖಾನೆಯೇ. ಕಥೆ ಹೊಸೆಯುವವರು, ಮುಖ್ಯ ಭಂಗಿಗಳನ್ನು ಬರೆಯುವವರು, ನಡುವಿನ ಚಿತ್ರಗಳನ್ನು ತುಂಬುವವರು, ಪಾರದರ್ಶಕ ಹಾಳೆಗೆ ಮಸಿಯಲ್ಲಿ ಗೆರೆ ಇಳಿಸುವವರು, ಬಣ್ಣ ತುಂಬುವವರು, ಹೀಗೆ ಶ್ರಮವಿಭಜನೆ. ಸಾವಿರಕ್ಕೂ ಹೆಚ್ಚು ಜನ. ಕೆಲವರಿಗೆ ವಾರಕ್ಕೆ 300 ಡಾಲರ್, ಕೆಲವರಿಗೆ 12 ಡಾಲರ್. ತೆರೆಯ ಮೇಲೆ ಮಾತ್ರ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದದ್ದು ಒಂದೇ ಹೆಸರು. 1939ರಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾಗಿ ಅಲ್ಲಿನ ಮಾರುಕಟ್ಟೆ ಮುಚ್ಚಿತು. 1940ರ 'ಪಿನೋಕಿಯೊ' ಮತ್ತು 'ಫ್ಯಾಂಟೇಸಿಯ' ನಷ್ಟ ತಂದವು. ಅದೇ ವರ್ಷ ಕಂಪನಿ ಸಾರ್ವಜನಿಕರಿಗೆ ಷೇರು ಮಾರಬೇಕಾಯಿತು. ಸಂಬಳ, ಬಡ್ತಿ, ಕೆಲಸದ ಭದ್ರತೆಗಳ ಬಗ್ಗೆ ನೌಕರರಲ್ಲಿ ಅಸಮಾಧಾನ ಬೆಳೆಯಿತು.

ಈ ಅಸಮಾಧಾನವನ್ನು ವಾಲ್ಟ್ ಕೊನೆಗೂ ಅರ್ಥಮಾಡಿಕೊಳ್ಳಲಿಲ್ಲ. ತಮ್ಮದು ಒಂದು ಕುಟುಂಬ, ಕುಟುಂಬದಲ್ಲಿ ಸಂಘ ಏಕೆ ಬೇಕು ಎಂಬುದು ಅವರ ಭಾವನೆ. 1941ರ ಮೇ ತಿಂಗಳ ಕೊನೆಯಲ್ಲಿ, ಸಂಘದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಆರ್ಟ್ ಬ್ಯಾಬಿಟ್ ಅವರನ್ನು ಇತರ ಕೆಲವರೊಂದಿಗೆ ಕೆಲಸದಿಂದ ತೆಗೆದುಹಾಕಿದರು. ಬ್ಯಾಬಿಟ್ ಸಾಮಾನ್ಯ ನೌಕರರಲ್ಲ. ಗೂಫಿ ಎಂಬ ಪೆದ್ದು ಪಾತ್ರಕ್ಕೆ ವ್ಯಕ್ತಿತ್ವ ಕೊಟ್ಟವರು, 'ಸ್ನೋ ವೈಟ್'ನ ದುಷ್ಟ ರಾಣಿಯನ್ನು ಚಲಿಸುವಂತೆ ಮಾಡಿದವರು. ಮರುದಿನ, ಮೇ 29ರಂದು, ನೂರಾರು ಕಲಾವಿದರು ಸ್ಟುಡಿಯೊದ ಬಾಗಿಲಲ್ಲಿ ಮುಷ್ಕರ ಹೂಡಿದರು. ತಾವೇ ಬರೆದು ಬೆಳೆಸಿದ ಪಾತ್ರಗಳನ್ನು ಭಿತ್ತಿಫಲಕಗಳ ಮೇಲೆ ಬರೆದು ಹಿಡಿದು ನಿಂತರು. ಜಗಳ ವಾರಗಟ್ಟಲೆ ನಡೆಯಿತು. ಆಗಸ್ಟ್‌ನಲ್ಲಿ ಸರ್ಕಾರದ ಸೌಹಾರ್ದ ಪ್ರವಾಸದ ಮೇಲೆ ವಾಲ್ಟ್ ದಕ್ಷಿಣ ಅಮೆರಿಕಕ್ಕೆ ಹೋದರು. ಅವರಿಲ್ಲದ ವೇಳೆಯಲ್ಲೇ ಸರ್ಕಾರಿ ಮಧ್ಯಸ್ಥಿಕೆಯಲ್ಲಿ, ಬಹುಮಟ್ಟಿಗೆ ನೌಕರರ ಪರವಾಗಿ, ವಿವಾದ ಬಗೆಹರಿಯಿತು. ಅದೇ ಪ್ರವಾಸದ ಕಾಲದಲ್ಲಿ ತಂದೆ ಎಲಿಯಾಸ್ ತೀರಿಕೊಂಡರು. ಮುಷ್ಕರವನ್ನು ವಾಲ್ಟ್ ವೈಯಕ್ತಿಕ ದ್ರೋಹವೆಂದೇ ಭಾವಿಸಿದರು. ಆ ಗಾಯ ಜೀವನಪರ್ಯಂತ ಮಾಯಲಿಲ್ಲ.

ಆರು ತಿಂಗಳಲ್ಲಿ, 1941ರ ಡಿಸೆಂಬರ್ 7ರಂದು, ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅಂದೇ ಸೈನ್ಯದ ತುಕಡಿಯೊಂದು ಬರ್‌ಬ್ಯಾಂಕ್ ಸ್ಟುಡಿಯೊದ ಒಳಗೆ ಬಂದು ಬೀಡುಬಿಟ್ಟಿತು. ಸಮೀಪದ ಲಾಕ್‌ಹೀಡ್ ವಿಮಾನ ಕಾರ್ಖಾನೆಯನ್ನು ರಕ್ಷಿಸಲು ಬಂದ ವಿಮಾನನಿರೋಧಕ ದಳ ಅದು. ಸುಮಾರು 500 ಸೈನಿಕರು, ಎಂಟು ತಿಂಗಳ ವಾಸ. ಚಿತ್ರೀಕರಣದ ಆವರಣ ಶಸ್ತ್ರಾಸ್ತ್ರ ದುರಸ್ತಿಯ ತಾಣವಾಯಿತು. ಧಣಿಗೇ ತನ್ನ ಸ್ಟುಡಿಯೊ ಪ್ರವೇಶಿಸಲು ಗುರುತಿನ ಚೀಟಿ ಬೇಕಾಯಿತು. ಯುದ್ಧಕಾಲದಲ್ಲಿ ಆ ಸ್ಟುಡಿಯೊದ ಉತ್ಪಾದನೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಸರ್ಕಾರಕ್ಕಾಗಿಯೇ ಆಯಿತು: ತರಬೇತಿ ಚಿತ್ರಗಳು, ಆರೋಗ್ಯದ ಚಿತ್ರಗಳು, ಪ್ರಚಾರ ಚಿತ್ರಗಳು. ಸೇನಾ ತುಕಡಿಗಳಿಗೆ ಸುಮಾರು 1,200 ಲಾಂಛನಗಳನ್ನು ಉಚಿತವಾಗಿ ಬರೆದುಕೊಟ್ಟರು. ಅವುಗಳಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದದ್ದು ಮಿಕ್ಕಿಗಲ್ಲ, ಡೊನಾಲ್ಡ್‌ಗೆ.

ಆ ಕಾಲದ ಒಂದು ಪ್ರಸಂಗ ತೆರಿಗೆಗೆ ಸಂಬಂಧಿಸಿದ್ದು, ಕಂದಾಯ ಇಲಾಖೆಯಲ್ಲಿ ಜೀವ ಸವೆಸಿದ ನನ್ನಂಥವರಿಗೆ ಬಹಳ ಹತ್ತಿರದ್ದು. ಯುದ್ಧಕ್ಕೆ ಹಣ ಬೇಕಿತ್ತು. 1939ರಲ್ಲಿ ಅಮೆರಿಕದಲ್ಲಿ ಆದಾಯ ತೆರಿಗೆ ಕೊಡುತ್ತಿದ್ದವರು ಸುಮಾರು 40 ಲಕ್ಷ. 1945ರ ಹೊತ್ತಿಗೆ ಆ ಸಂಖ್ಯೆ 4 ಕೋಟಿ ಮೀರಿತು. ಎಂದೂ ತೆರಿಗೆಯ ನಮೂನೆ ಕಾಣದ ಕೂಲಿಕಾರ, ಗುಮಾಸ್ತರೆಲ್ಲ ಮೊದಲ ಬಾರಿಗೆ ತೆರಿಗೆ ಕಟ್ಟಬೇಕಾಯಿತು. ಸಂಬಳದ ಮೂಲದಲ್ಲೇ ತೆರಿಗೆ ಕಡಿಯುವ ಪದ್ಧತಿ ಬಂದದ್ದು 1943ರಲ್ಲಿ. ಅಲ್ಲಿಯವರೆಗೆ ಪ್ರಜೆ ತಾನಾಗಿ ಲೆಕ್ಕಹಾಕಿ ಹಣ ಕಟ್ಟಬೇಕು. ಹಣಕಾಸು ಸಚಿವ ಹೆನ್ರಿ ಮಾರ್ಗೆಂಥೊ, ಜನರ ಮನವೊಲಿಸುವ ಕಾರ್ಟೂನ್ ಚಿತ್ರವೊಂದನ್ನು ಡಿಸ್ನಿಯವರಲ್ಲಿ ಕೇಳಿದರು. ಸಚಿವಾಲಯದ ಮನಸ್ಸಿನಲ್ಲಿದ್ದದ್ದು ತೆರಿಗೆದಾರನೆಂಬ ಹೊಸ, ಗಂಭೀರ ಪಾತ್ರ. ವಾಲ್ಟ್ ಒಪ್ಪಲಿಲ್ಲ. ತಮ್ಮಲ್ಲಿರುವ ಅತಿ ದೊಡ್ಡ ತಾರೆಯನ್ನೇ ಕೊಡುತ್ತಿದ್ದೇನೆ ಎಂದು ವಾದಿಸಿ ಡೊನಾಲ್ಡ್‌ನನ್ನು ಮುಂದಿಟ್ಟರು. ತೆರಿಗೆ ಎಂದೊಡನೆ ಮುಖ ಸಿಂಡರಿಸಿ, ಆಮೇಲೆ ಮನವೊಲಿದು, ನಮೂನೆ ತುಂಬಿಸಿ, ಹಣ ಕಟ್ಟಲು ರಾಜಧಾನಿಗೇ ಓಡುವ ಬಾತುಕೋಳಿಯ ಆ ಚಿತ್ರ 'ದಿ ನ್ಯೂ ಸ್ಪಿರಿಟ್' 1942ರ ಆರಂಭದಲ್ಲಿ ಬಂತು. ಕೋಟಿಗಟ್ಟಲೆ ಜನ ನೋಡಿದರು. ನೋಡಿದವರಲ್ಲಿ ಶೇಕಡ 37ರಷ್ಟು ಜನ ತೆರಿಗೆ ಕಟ್ಟುವ ತಮ್ಮ ಮನಸ್ಸಿನ ಮೇಲೆ ಅದು ಪರಿಣಾಮ ಮಾಡಿತೆಂದು ಗ್ಯಾಲಪ್ ಸಮೀಕ್ಷೆಯಲ್ಲಿ ಹೇಳಿದರು. ಇತ್ತ ಡಿಸ್ನಿಯವರಿಗೆ ಸಲ್ಲಬೇಕಾದ 80,000 ಡಾಲರ್‌ಗಳನ್ನು ಪ್ರತಿನಿಧಿಗಳ ಸಭೆ ದುಂದುವೆಚ್ಚವೆಂದು ಟೀಕಿಸಿ ತಡೆಹಿಡಿಯಿತು. ಕೆಲಸ ಮಾಡಿಸಿಕೊಂಡು ಬಿಲ್ಲು ತಕರಾರು ಮಾಡುವ ಪದ್ಧತಿ ನಮ್ಮ ದೇಶದ್ದಷ್ಟೇ ಅಲ್ಲ!

ಈ ಹಿನ್ನೆಲೆಯಲ್ಲಿಯೇ 'ಡೊನಾಲ್ಡ್ ಗೆಟ್ಸ್ ಡ್ರಾಫ್ಟೆಡ್' ಬಂದದ್ದು. ಅಮೆರಿಕದಲ್ಲಿ ಶಾಂತಿಕಾಲದ ಮೊದಲ ಕಡ್ಡಾಯ ಸೇನಾಭರ್ತಿ ಕಾನೂನು ಬಂದದ್ದು 1940ರ ಸೆಪ್ಟೆಂಬರ್‌ನಲ್ಲಿ, ಒಂದು ವರ್ಷದ ಸೇವೆಗೆಂದು. 1941ರ ಆಗಸ್ಟ್‌ನಲ್ಲಿ ಆ ಅವಧಿಯನ್ನು ವಿಸ್ತರಿಸುವ ಮಸೂದೆ ಪ್ರತಿನಿಧಿಗಳ ಸಭೆಯಲ್ಲಿ 203ಕ್ಕೆ 202, ಅಂದರೆ ಒಂದೇ ಮತದ ಅಂತರದಲ್ಲಿ ಗೆದ್ದಿತು. ಪರ್ಲ್ ಹಾರ್ಬರ್‌ಗೆ ಇನ್ನು ನಾಲ್ಕು ತಿಂಗಳೂ ಇರಲಿಲ್ಲ. ಒಲ್ಲದ ಮನಸ್ಸು ಆ ದೇಶದಲ್ಲಿ ಅಷ್ಟು ವ್ಯಾಪಕವಾಗಿತ್ತು. ಯುದ್ಧ ಮುಗಿಯುವುದರೊಳಗೆ ಸುಮಾರು ಒಂದು ಕೋಟಿ ಜನ ಕಡ್ಡಾಯ ಭರ್ತಿಯ ಮೂಲಕ ಸೇನೆಗೆ ಹೋದರು. ಅಂಥ ಪ್ರತಿಯೊಬ್ಬನ ಮನೆಗೂ ಒಂದು ಲಕೋಟೆ ಬಂದಿತ್ತು.

ಚಿತ್ರದ ನಿರ್ದೇಶಕರು ಜಾಕ್ ಕಿಂಗ್. ಕಥೆ ಕಾರ್ಲ್ ಬಾರ್ಕ್ಸ್ ಮತ್ತು ಜಾಕ್ ಹನ್ನಾ ಅವರದು. ಬಡ ರೈತ ಕುಟುಂಬದಿಂದ ಬಂದ ಬಾರ್ಕ್ಸ್‌ಗೆ ಯುದ್ಧದ ಬಗ್ಗೆ ಯಾವ ಮೋಹವೂ ಇರಲಿಲ್ಲ. ಸ್ಟುಡಿಯೊ ಯುದ್ಧದ ಕಾರ್ಖಾನೆಯಾಗುತ್ತಿರುವುದು ಸೇರದೆ ಅದೇ ವರ್ಷದ ಕೊನೆಯಲ್ಲಿ ಕೆಲಸ ಬಿಟ್ಟು, ಡೊನಾಲ್ಡ್‌ನ ಚಿತ್ರಕಥೆಗಳ ಪುಸ್ತಕಗಳನ್ನು ಬರೆಯತೊಡಗಿ ಅದರಲ್ಲೇ ಪ್ರಸಿದ್ಧರಾದರು. ಚಿತ್ರದ ಆರಂಭದಲ್ಲೇ ಆದೇಶದ ಮೇಲೆ ನಾಯಕನ ಪೂರ್ತಿ ಹೆಸರು ಕಾಣುತ್ತದೆ: ಡೊನಾಲ್ಡ್ ಫಾಂಟಲರಾಯ್ ಡಕ್. ಆ ನಡುವಿನ ನಾಜೂಕಿನ ಹೆಸರು ಲೋಕಕ್ಕೆ ತಿಳಿದದ್ದು ಈ ಸರ್ಕಾರಿ ಕಾಗದದಿಂದಲೇ. ಭರ್ತಿ ಕಚೇರಿಯ ದಾರಿಯ ಗೋಡೆಗಳ ಮೇಲೆ ಬಣ್ಣಬಣ್ಣದ ಭಿತ್ತಿಚಿತ್ರಗಳು, ಸೈನಿಕ ಜೀವನವೆಂದರೆ ಸುಖ, ಸುಂದರಿಯರು, ಊಟೋಪಚಾರ ಎಂಬಂತೆ. ಅವುಗಳನ್ನು ನಂಬಿದ ಡೊನಾಲ್ಡ್ ವಾಯುಪಡೆಯ ಕನಸು ಕಾಣುತ್ತ ಒಳಹೋಗುತ್ತಾನೆ. ವೈದ್ಯರ ಹಿಂಡು ಅವನನ್ನು ಯಂತ್ರದ ವೇಗದಲ್ಲಿ ಪರೀಕ್ಷಿಸುತ್ತದೆ. ಒಂದು ಕಿವಿಯಲ್ಲಿ ಇಣುಕಿದ ವೈದ್ಯನಿಗೆ ಇನ್ನೊಂದು ಕಿವಿಯಲ್ಲಿ ಇಣುಕುತ್ತಿರುವ ವೈದ್ಯನ ಕಣ್ಣು ಕಾಣುತ್ತದೆ. ಆದರೂ ಯೋಗ್ಯನೆಂಬ ಮುದ್ರೆ ಬೀಳುತ್ತದೆ, ಅದೂ ಹಿಂಬದಿಯ ಮೇಲೆ. ಕೊಟ್ಟ ಸಮವಸ್ತ್ರ ವಿಪರೀತ ದೊಗಳೆ. ನೀರು ಸುರಿದು ಕುಗ್ಗಿಸಿ ಅಳತೆಗೆ ತರುತ್ತಾರೆ. ಸರ್ಕಾರಿ ಸರಬರಾಜು ಬಲ್ಲವರಿಗೆ ಈ ದೃಶ್ಯದ ವಿವರಣೆ ಬೇಕಾಗದು.

ಕವಾಯತು ಕಲಿಸಲು ಬರುವವನು ಸಾರ್ಜೆಂಟ್ ಪೀಟ್ ಎಂಬ ದೈತ್ಯ. ಡೊನಾಲ್ಡ್‌ನ ಕಣ್ಣು ಮೇಲೆ ಹಾರುವ ವಿಮಾನಗಳ ಕಡೆ, ಕಾಲು ತಪ್ಪು ಹೆಜ್ಜೆಯ ಕಡೆ. ಅಲುಗಾಡದೆ ನಿಲ್ಲು ಎಂಬ ಆಜ್ಞೆಯಾದರೆ ಅವನು ನಿಲ್ಲುವುದು ಇರುವೆ ಗೂಡಿನ ಮೇಲೆ. ಶಿಸ್ತು ಒಂದು ಕಡೆ, ಮೈಮೇಲೆ ಹರಿಯುವ ಇರುವೆಗಳು ಇನ್ನೊಂದು ಕಡೆ. ಪಾಪ, ಅವನು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಾನೆ. ಕೊನೆಗೆ ಬಂದೂಕು ಅಡ್ಡಾದಿಡ್ಡಿ ಹಾರಿ ಸಾರ್ಜೆಂಟನೇ ಜೀವ ಉಳಿಸಿಕೊಳ್ಳಬೇಕಾಗುತ್ತದೆ. ಕಡೆಯ ದೃಶ್ಯದಲ್ಲಿ ವಾಯುಪಡೆಯ ಕನಸಿನವನು ಅಡುಗೆಮನೆಯಲ್ಲಿ ಬೆಟ್ಟದಷ್ಟು ಆಲೂಗೆಡ್ಡೆಯ ನಡುವೆ ಕುಳಿತು ಸಿಪ್ಪೆ ಸುಲಿಯುತ್ತಿದ್ದಾನೆ. ಆ ಸಿಪ್ಪೆಯನ್ನೇ ಅಕ್ಷರಗಳಾಗಿ ಬಿಡಿಸಿ ತನ್ನ ತಿರಸ್ಕಾರದ ಉದ್ಗಾರವನ್ನು ದಾಖಲಿಸುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಗಮನಿಸಬೇಕಾದದ್ದು ಇದನ್ನು: ಅವನು ಓಡಿಹೋಗುವುದಿಲ್ಲ. ಆದರೆ ಮನಃಪರಿವರ್ತನೆಯಾಗಿ ದೇಶಭಕ್ತಿಯ ಭಾಷಣವನ್ನೂ ಮಾಡುವುದಿಲ್ಲ. ಆಲೂಗೆಡ್ಡೆ ಸುಲಿಯುತ್ತಾನೆ, ಗೊಣಗುತ್ತಾನೆ. ಎರಡೂ ಒಟ್ಟಿಗೆ. ಭರ್ತಿ ಕಚೇರಿಯ ಭಿತ್ತಿಚಿತ್ರಗಳು ಸುಳ್ಳೆಂದು, ವೈದ್ಯಕೀಯ ತಪಾಸಣೆ ಪ್ರಹಸನವೆಂದು, ಸಾರ್ಜೆಂಟ್ ಒರಟನೆಂದು ಯುದ್ಧದ ನಡುಮಧ್ಯದಲ್ಲಿ ಒಂದು ದೇಶ ತನ್ನ ಚಿತ್ರಮಂದಿರಗಳಲ್ಲಿ ನಗುತ್ತ ಒಪ್ಪಿಕೊಂಡಿತು. ಲಕೋಟೆ ಕೈಸೇರಿದ ಯುವಕ ಪಕ್ಕದ ಆಸನದಲ್ಲಿದ್ದವನೂ ನಗುವುದನ್ನು ಕಂಡು, ಒಲ್ಲದ ಮನಸ್ಸು ತನ್ನೊಬ್ಬನ ಹೇಡಿತನವಲ್ಲವೆಂದು ತಿಳಿದ. ಇದೂ ಪ್ರಚಾರವೇ ಇರಬಹುದು. ಆದರೆ ಪ್ರಜೆಯ ಮನಸ್ಸನ್ನು ಇದ್ದಂತೆ ಕಂಡು ಹೊರಟ ಪ್ರಚಾರ.

ಇದರ ಇನ್ನೊಂದು ಮುಖವನ್ನು ಅದೇ ಸ್ಟುಡಿಯೊ ಕೆಲವೇ ತಿಂಗಳ ನಂತರ ತೋರಿಸಿತು. 1943ರ ಆರಂಭದಲ್ಲಿ ತೆರೆಗೆ ಬಂದು, 1942ನೇ ಸಾಲಿನ ಆಸ್ಕರ್ ಪಡೆದ 'ಡೆರ್ ಫ್ಯೂರರ್ಸ್ ಫೇಸ್' ಚಿತ್ರದಲ್ಲಿ ಡೊನಾಲ್ಡ್ ನಾಜಿಗಳ ನಾಡಿನಲ್ಲಿ ಮದ್ದುಗುಂಡಿನ ಕಾರ್ಖಾನೆಯ ಜೀತಗಾರ. ಇಲ್ಲಿಯೂ ಅವನಿಗೆ ಮನಸ್ಸಿಲ್ಲ. ಆದರೆ ಇಲ್ಲಿ ಗೊಣಗಿದರೆ ಬೆನ್ನಿಗೆ ಬಂದೂಕಿನ ಮೊನೆ. ನಾಯಕನ ಪ್ರತಿ ಚಿತ್ರಕ್ಕೂ ಉತ್ಸಾಹದಿಂದಲೇ ವಂದಿಸಬೇಕು. ದುಡಿಮೆ ಸಾಲದು, ಹರ್ಷವನ್ನೂ ಪ್ರದರ್ಶಿಸಬೇಕು. ಕೊನೆಗೆ ಅವನ ಬುದ್ಧಿ ಕದಡುತ್ತದೆ. ಎಲ್ಲವೂ ಕನಸೆಂದು ತಿಳಿದಾಗ ನಿಟ್ಟುಸಿರಿಡುತ್ತಾನೆ. ಎರಡೂ ಪ್ರಭುತ್ವಗಳು ಅವನಿಂದ ಕೆಲಸ ಕೇಳುತ್ತವೆ. ಒಂದು ಕೆಲಸವನ್ನಷ್ಟೇ ಕೇಳುತ್ತದೆ, ಇನ್ನೊಂದು ಮನಸ್ಸನ್ನೂ ಕೇಳುತ್ತದೆ. ವ್ಯತ್ಯಾಸವಿರುವುದು ಇಲ್ಲಿ.

ಹಾಗೆಂದು ಆ ದೇಶವನ್ನು ಹಾಡಿಹೊಗಳಬೇಕಿಲ್ಲ. ಡೊನಾಲ್ಡ್‌ನ ಲಕೋಟೆಯ ಚಿತ್ರ ಬಿಡುಗಡೆಯಾದ ವರ್ಷವೇ, ಫೆಬ್ರುವರಿಯ ಅಧ್ಯಕ್ಷೀಯ ಆದೇಶವೊಂದರಡಿ, ಜಪಾನಿ ಮೂಲದ ಸುಮಾರು 1,20,000 ಜನರನ್ನು ಅವರ ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1944ರ 'ಕಮಾಂಡೊ ಡಕ್' ಚಿತ್ರದಲ್ಲಿ ಡಿಸ್ನಿ ಸ್ಟುಡಿಯೊ ಜಪಾನೀಯರನ್ನು ಚಿತ್ರಿಸಿದ ರೀತಿ ಇಂದು ನಾಚಿಕೆ ತರುವಂಥದು. ಸಾವಿನ ಸುಳಿವೇ ಇಲ್ಲದ ಆಲೂಗೆಡ್ಡೆಯ ಸೈನ್ಯಜೀವನವೂ ಅರ್ಧ ಸತ್ಯವೇ. ಡೊನಾಲ್ಡ್ ಹಂಬಲಿಸಿದ ವಿಮಾನಗಳಲ್ಲಿ ಹೋದ ಹುಡುಗರಲ್ಲಿ ಸಾವಿರಾರು ಜನ ಹಿಂತಿರುಗಲಿಲ್ಲ.

ಇನ್ನು ಡಿಸ್ನಿಯವರ ವಿಷಯ. ಬಾತುಕೋಳಿಗೆ ಕೊಟ್ಟ ಗೊಣಗುವ ಹಕ್ಕನ್ನು ಅವರು ತಮ್ಮ ಕಲಾವಿದರಿಗೆ ಕೊಡಲಿಲ್ಲ. ಬಾಗಿಲಲ್ಲಿ ಫಲಕ ಹಿಡಿದು ನಿಂತ ಆರ್ಟ್ ಬ್ಯಾಬಿಟ್ ಯುದ್ಧ ಬಂದಾಗ ಮೆರೀನ್ ದಳ ಸೇರಿ ಸೇವೆ ಸಲ್ಲಿಸಿದರು. ಹಿಂತಿರುಗಿ ಬಂದು, ಕಾನೂನಿನ ಬಲದಿಂದ ತಮ್ಮ ಹುದ್ದೆ ಪಡೆದು, ಧಣಿಯ ತಣ್ಣನೆಯ ಮುಖ ಸಹಿಸದೆ ಬಿಟ್ಟುಹೋದರು. ಗೊಣಗುವವನು ದ್ರೋಹಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ವಾಲ್ಟ್ ಅದನ್ನು ಕಾಣಲಿಲ್ಲ. 1947ರ ಅಕ್ಟೋಬರ್‌ನಲ್ಲಿ, ಅಮೆರಿಕನ್ ವಿರೋಧಿ ಚಟುವಟಿಕೆಗಳನ್ನು ವಿಚಾರಿಸುವ ಸಂಸದೀಯ ಸಮಿತಿಯ ಮುಂದೆ ಹಾಜರಾಗಿ, ಆರು ವರ್ಷದ ಹಿಂದಿನ ಮುಷ್ಕರದ ಮುಂದಾಳುಗಳ ಹೆಸರು ಹೇಳಿ ಕಮ್ಯುನಿಸ್ಟರೆಂದು ದೂರಿದರು. ಆ ಕಾಲದಲ್ಲಿ ಆ ದೂರು ಒಬ್ಬನ ಅನ್ನವನ್ನು ಕಸಿಯಬಲ್ಲದಾಗಿತ್ತು.

ಯುದ್ಧ ಮುಗಿದಾಗ ಅವರ ಕಂಪನಿಯ ಮೇಲೆ 40 ಲಕ್ಷ ಡಾಲರ್‌ಗೂ ಮಿಕ್ಕ ಬ್ಯಾಂಕ್ ಸಾಲವಿತ್ತು. ದೇಶಸೇವೆಯಿಂದ ಅವರು ಶ್ರೀಮಂತರಾಗಲಿಲ್ಲ ಎಂಬುದನ್ನು ಒಪ್ಪಲೇಬೇಕು. ನಿಧಾನವಾಗಿ ಚೇತರಿಸಿಕೊಂಡರು. 1950ರ 'ಸಿಂಡರೆಲ್ಲಾ' ಕೈಹಿಡಿಯಿತು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಬಾಲ್ಯದ ಮಾರ್ಸೆಲೀನ್ ಊರಿನ ಬೀದಿಯನ್ನು ಅಲ್ಲಿ ಮರುಸೃಷ್ಟಿಸಿದರು. ಅಲ್ಲಿನ ನೌಕರರು ಸದಾ ನಗುಮುಖದಿಂದಲೇ ಇರತಕ್ಕದ್ದೆಂಬುದು ಆ ಲೋಕದ ನಿಯಮ. 1966ರ ಡಿಸೆಂಬರ್ 15ರಂದು, ಅರವತ್ತೈದು ತುಂಬಿ ಹತ್ತು ದಿನಕ್ಕೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಬಾತುಕೋಳಿ ಮಾತ್ರ ಸೇನಾಸೇವೆಯಲ್ಲೇ ಉಳಿದಿದ್ದ. 1984ರಲ್ಲಿ, ಅವನ ಐವತ್ತನೆಯ ಹುಟ್ಟುಹಬ್ಬದ ವರ್ಷದಲ್ಲಿ, ಅಮೆರಿಕದ ಸೈನ್ಯ ಅವನನ್ನು ಸಾರ್ಜೆಂಟ್ ದರ್ಜೆಯಲ್ಲಿ ವಿಧಿವತ್ತಾಗಿ ನಿವೃತ್ತಿಗೊಳಿಸಿತು.

ನಮ್ಮ ದೇಶದ ಕಡೆ ತಿರುಗೋಣ. ಅದೇ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನಿಕರಾದರು. ಇಲ್ಲಿ ಕಡ್ಡಾಯ ಭರ್ತಿ ಇರಲಿಲ್ಲ, ಎಲ್ಲರೂ ಸ್ವಯಂಪ್ರೇರಿತರು ಎಂಬುದು ದಾಖಲೆಯ ಮಾತು. ಆದರೆ ಬರ, ಸಾಲ, ನಿರುದ್ಯೋಗಗಳು ಹಳ್ಳಿಯ ಹುಡುಗನ ಮನೆಗೆ ಯಾವ ಲಕೋಟೆಯೂ ಇಲ್ಲದೆ ಆದೇಶ ತಲುಪಿಸಬಲ್ಲವು. ಯಾರ ಯುದ್ಧಕ್ಕೆ ಹೋಗುತ್ತಿದ್ದೇವೆ ಎಂದು ಅವನು ಮನಸ್ಸಿನಲ್ಲೇ ಕೇಳಿಕೊಂಡಿದ್ದರೆ, ಆ ಪ್ರಶ್ನೆಯನ್ನು ತಮಾಷೆಯಾಗಿಯಾದರೂ ತೆರೆಯ ಮೇಲೆ ಆಡಿತೋರಿಸುವವರು ಇರಲಿಲ್ಲ. ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಸಾಣಾಪುರದಂಥ ಊರುಗಳಲ್ಲಿ ಪ್ರಜೆಗೆ ಮತವೇ ಇರಲಿಲ್ಲ, ಇನ್ನು ಗೊಣಗನ್ನು ಕೇಳುವವರು ಯಾರು?

ಸ್ವಾತಂತ್ರ್ಯಾನಂತರ 1948ರಲ್ಲಿ ಸರ್ಕಾರ ಫಿಲ್ಮ್ಸ್ ಡಿವಿಷನ್ ಸ್ಥಾಪಿಸಿತು. 1956ರಲ್ಲಿ, ಭಾರತದಲ್ಲೇ ಹುಟ್ಟಿ ಡಿಸ್ನಿ ಸ್ಟುಡಿಯೊದಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಮುಂಬೈಗೆ ಬಂದು ಅಲ್ಲಿನ ಕಾರ್ಟೂನ್ ವಿಭಾಗಕ್ಕೆ ತರಬೇತಿ ಕೊಟ್ಟರು. ಜಾತಕ ಕಥೆಯೊಂದನ್ನು ಆಧರಿಸಿದ 'ದಿ ಬನ್ಯನ್ ಡಿಯರ್' 1957ರಲ್ಲಿ ಸಿದ್ಧವಾಯಿತು. ಕೈಚಳಕ ಬಂತು, ಬಾತುಕೋಳಿ ಬರಲಿಲ್ಲ. ದಶಕಗಳ ಕಾಲ ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ ಸಾಕ್ಷ್ಯಚಿತ್ರಗಳು ನನ್ನ ತಲೆಮಾರಿನವರಿಗೆ ನೆನಪಿವೆ. ಅವುಗಳಲ್ಲಿ ರೈತ ಗೊಬ್ಬರ ಹಾಕಲು ಕಾತರನಾಗಿರುತ್ತಿದ್ದ, ದಂಪತಿ ಚಿಕ್ಕ ಕುಟುಂಬಕ್ಕೆ ಸಂತೋಷದಿಂದ ಒಪ್ಪುತ್ತಿದ್ದರು. ಮನಸ್ಸಿಲ್ಲದ ಪ್ರಜೆ ಅಲ್ಲಿ ಅಪರೂಪ. ಹೊರಗೆ ಸಿಗರೇಟು ಸೇದುತ್ತ ನಿಂತಿದ್ದವನು ಅವನೇ. ಅವನನ್ನು ಒಳಗೆ ಕರೆಯುವ ದಾರಿ ನಮಗೆ ಹೊಳೆಯಲಿಲ್ಲ.

ಇಂದಿಗೂ ನಮ್ಮ ಆಡಳಿತ ದೊಡ್ಡ ಕೆಲಸಗಳನ್ನು ಒಲ್ಲದ ಕೈಗಳಿಂದಲೇ ಮಾಡಿಸುತ್ತದೆ. ಚುನಾವಣೆ, ಜನಗಣತಿ, 2025ರಲ್ಲಿ ರಾಜ್ಯದ ಶಿಕ್ಷಕರು ದಸರೆ ರಜೆಯಲ್ಲಿ ಮನೆಮನೆ ಸುತ್ತಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಈ ಕೆಲಸಗಳು ಆಗಲೇಬೇಕು, ಯಾರಾದರೂ ಮಾಡಲೇಬೇಕು. ಆದೇಶವಿಲ್ಲದೆ ನಡೆಯವು ಎಂಬುದನ್ನು ನಾನು ಅನುಭವದಿಂದ ಬಲ್ಲೆ. ಆದರೆ ಗೊಣಗಿದವನಿಗೆ ಕಾರಣ ಕೇಳುವ ನೋಟಿಸು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಸ್ಯ ಮಾಡಿದವನಿಗೆ ಅಮಾನತು ಎಂಬ ಮನೋಭಾವ ನಮ್ಮಲ್ಲಿ ಬೆಳೆಯುತ್ತಿದೆ. ನಾನೂ ಅಂಥ ನೋಟಿಸುಗಳಿಗೆ ಸಹಿ ಹಾಕಿದವನೇ. ಆಗ ಅದನ್ನು ಶಿಸ್ತು ಎಂದು ತಿಳಿದಿದ್ದೆ. ಇಂದು ಅವುಗಳಲ್ಲಿ ಕೆಲವನ್ನಾದರೂ ಹರಿದುಹಾಕಬಹುದಿತ್ತು ಅನ್ನಿಸುತ್ತದೆ.

ಸಾಣಾಪುರದ ಆ ಮತಗಟ್ಟೆಗೆ ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮತ್ತೆ ಹೋದೆ. ಅಣಕು ಮತದಾನ ಮುಗಿದು, ಯಂತ್ರಕ್ಕೆ ಮೊಹರು ಬಿದ್ದು, ಸಾಲು ಶುರುವಾಗಿತ್ತು. ಸೊಂಟನೋವಿನ ಅರ್ಜಿ ಕೊಟ್ಟಿದ್ದ ಮೇಷ್ಟರು ಮೊದಲ ಮತದಾರಳಾದ ಮುದುಕಿಯೊಬ್ಬಳ ಬೆರಳಿಗೆ ಶಾಯಿ ಹಚ್ಚುತ್ತಿದ್ದರು. ನನ್ನನ್ನು ಕಂಡು ಒಂದು ಕೈಯಿಂದ ನಮಸ್ಕಾರದ ಸನ್ನೆ ಮಾಡಿ, ಇನ್ನೊಂದು ಕೈಯಿಂದ ತಮ್ಮ ಸೊಂಟವನ್ನು ತೋರಿಸಿದರು. ಸಂಜೆ ಆರರವರೆಗೆ ಅವರು ಆ ಕುರ್ಚಿಯಿಂದ ಏಳಲಿಲ್ಲವೆಂದೂ, ಸಂಜೆ ಆರರವರೆಗೆ ಗೊಣಗುವುದನ್ನೂ ಬಿಡಲಿಲ್ಲವೆಂದೂ ಆಮೇಲೆ ತಿಳಿಯಿತು. ಲೆಕ್ಕದಲ್ಲಿ ಒಂದು ಮತವೂ ಹೆಚ್ಚುಕಡಿಮೆಯಾಗಿರಲಿಲ್ಲ.